ಚಂದಾ ರಸೀದಿ

2017ರ ಸೆಪ್ಟೆಂಬರ್. ಕೆಲಸದ ಮೇಲೆ ಕೋಲ್ಕತ್ತಕ್ಕೆ ವರ್ಗವಾಗಿ ಹೋಗಿ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಭಾನುವಾರ ಬೆಳಗ್ಗೆ ಯಾರೋ ಬಾಗಿಲು ಬಡಿದರು. ತೆಗೆದು ನೋಡಿದರೆ ಮೂವರು ಹುಡುಗರು, ಒಬ್ಬನ ಕೈಯಲ್ಲಿ ರಸೀದಿ ಪುಸ್ತಕ. ದುರ್ಗಾ ಪೂಜೆ ಚಂದಾ. ನಮ್ಮ ಬೆಂಗಳೂರಿನ ಅಭ್ಯಾಸ ನಿಮಗೂ ಗೊತ್ತಲ್ಲ. ಗಣೇಶನ ಚಂದಾಕ್ಕೆ ಬಂದವರಿಗೆ ಬಾಗಿಲಲ್ಲೇ ಏನೋ ಒಂದಿಷ್ಟು ಕೊಟ್ಟು ಸಾಗಹಾಕೋದು. ನಾನೂ ಇನ್ನೂರು ರೂಪಾಯಿ ತೆಗೆದು ಕೊಟ್ಟೆ. "ರಸೀದಿ ಎಲ್ಲಾ ಬೇಡ, ಇರಲಿ ಬಿಡಿ" ಅಂದೆ.

ಹುಡುಗರು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಮೆಟ್ಟಿಲ ಕೆಳಗಿನಿಂದ ಮನೆ ಮಾಲೀಕರ ದನಿ ಬಂತು. ರೈಲ್ವೆಯಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದವರು. ಇಡೀ ಬೀದಿಯ ಹುಡುಗರಿಗೆ ಅವರು ಕಾಕು, ಅಂದರೆ ಚಿಕ್ಕಪ್ಪ. ನನಗೂ ಕಾಕುವೇ ಆಗಿದ್ದರು.

"ರಸೀದಿ ಬೇಡ ಅಂದ್ರೆ ಏನಪ್ಪಾ ಅರ್ಥ? ನಾಳೆ ಲೆಕ್ಕ ಕೇಳೋದು ಹೇಗೆ ನೀನು?"

ನಾನ್ಯಾಕೆ ಲೆಕ್ಕ ಕೇಳಬೇಕು ಅಂತ ನನಗೆ ಅರ್ಥವಾಗಲಿಲ್ಲ. ಆದರೂ ಹೆಸರು ಬರೆಸಿ ರಸೀದಿ ತಗೊಂಡೆ. ಅದೇ ವಾರ ಕಾಕು ನನ್ನನ್ನು ಕ್ಲಬ್ಬಿನ ಮೀಟಿಂಗಿಗೆ ಎಳೆದುಕೊಂಡು ಹೋದರು. ಅರ್ಧ ಗಂಟೆಯಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಮನೆಗೆ ಬಂದಾಗ ರಾತ್ರಿ ಹನ್ನೊಂದೂವರೆ.

ಕ್ಲಬ್ ಅಂದ ತಕ್ಷಣ ಈಜುಕೊಳ, ಬಾರ್ ಅಂತೆಲ್ಲಾ ಕಲ್ಪಿಸಿಕೊಳ್ಳಬೇಡಿ. ಒಂದೇ ಕೋಣೆ. ಕೇರಂ ಬೋರ್ಡು, ಬೀಗ ಹಾಕಿದ ಪುಸ್ತಕದ ಬೀರು, ಫುಟ್‌ಬಾಲ್ ಕಪ್‌ಗಳು, ಗೋಡೆ ಮೇಲೆ ನೇತಾಜಿ, ರವೀಂದ್ರನಾಥ, ವಿವೇಕಾನಂದ. ಅಲ್ಲಿ ಹಿಂದಿನ ವರ್ಷದ ಖರ್ಚನ್ನು ಒಂದೊಂದೇ ಸಾಲು ಓದಿದರು. ಬಿದಿರಿಗೆ ಎಷ್ಟು, ಬಟ್ಟೆಗೆ ಎಷ್ಟು, ಡೋಲು ಬಾರಿಸುವ ಢಾಕಿಗಳಿಗೆ ಎಷ್ಟು. ಹಿಂದೆ ಕೂತಿದ್ದ ಒಬ್ಬ ಅಜ್ಜಿ ಎದ್ದು, "ದೀಪಕ್ಕೆ ಅಷ್ಟು ಸುರಿದಿದ್ದೀರಿ, ಹಳ್ಳಿಯಿಂದ ಬಂದ ಢಾಕಿಗೆ ಇಷ್ಟೇನಾ?" ಅಂತ ಕೇಳಿದರು. ಅದರ ಮೇಲೆ ಮುಕ್ಕಾಲು ಗಂಟೆ ಜಗಳ. ಕೊನೆಗೆ ಢಾಕಿಯ ಸಂಭಾವನೆ ಏರಿತು. ಅಜ್ಜಿ ಕೊಟ್ಟಿದ್ದ ಚಂದಾ ನೂರೊಂದು ರೂಪಾಯಿ.

ಬಂಗಾಳಿಗಳ ಬಗ್ಗೆ ಮಾತು ಬಂದರೆ ನಾವು ರಸಗುಲ್ಲ, ಮೀನು, ಅಡ್ಡಾ, ರಾಜಕೀಯದ ವಾದ ಅಂತ ಪಟ್ಟಿ ಮಾಡಿಬಿಡ್ತೀವಿ. ನನಗೆ ಈಗಲೂ ಮೊದಲು ನೆನಪಾಗೋದು ಆ ಅಜ್ಜಿಯ ನೂರೊಂದು ರೂಪಾಯಿ.

*

ಅವರ ಭಾಷೆಯಲ್ಲಿ 'ಪಾಡಾ' ಅಂತ ಒಂದು ಪದ ಇದೆ. ನಮ್ಮ ಕೇರಿ, ಬೀದಿ, ಮೊಹಲ್ಲಾ ಎಲ್ಲಾ ಸೇರಿದ ಹಾಗೆ. ಪಾಡಾ ಅಂದರೆ ಬರೀ ವಿಳಾಸ ಅಲ್ಲ. ನಿಮ್ಮ ಮಗ ಯಾರ ಜೊತೆ ಓಡಾಡ್ತಾನೆ, ನಿಮ್ಮ ಅಪ್ಪನಿಗೆ ರಾತ್ರಿ ಎದೆನೋವು ಬಂದರೆ ಯಾರ ಗಾಡಿ ಬರುತ್ತೆ, ಎಲ್ಲವೂ ಪಾಡಾಕ್ಕೆ ಗೊತ್ತು. ಇದರಲ್ಲಿ ಹಿತವೂ ಇದೆ, ಕಿರಿಕಿರಿಯೂ ಇದೆ. ನಾನು ರಾತ್ರಿ ಎಷ್ಟು ಗಂಟೆಗೆ ಮನೆಗೆ ಬರ್ತೀನಿ ಅನ್ನೋದು ಮೂಲೆಯ ಚಹಾ ಅಂಗಡಿಯವನಿಗೆ ನನ್ನಮ್ಮನಿಗಿಂತ ಚೆನ್ನಾಗಿ ಗೊತ್ತಿತ್ತು.

ದುರ್ಗಾ ಪೂಜೆ ಮೊದಲು ಜಮೀನ್ದಾರರ ಮನೆಯ ಹಬ್ಬ. ಊರಿನ ಜನ ಹೊರಗೆ ನಿಂತು ನೋಡಬೇಕಿತ್ತು. ಹೂಗ್ಲಿ ಜಿಲ್ಲೆಯ ಗುಪ್ತಿಪಾಡಾದಲ್ಲಿ ಸುಮಾರು 1790ರ ಹೊತ್ತಿಗೆ ಹನ್ನೆರಡು ಗೆಳೆಯರು ಸೇರಿ, ಮನೆ ಮನೆಯಿಂದ ಹಣ ಕೂಡಿಸಿ ತಾವೇ ಪೂಜೆ ಮಾಡಿದರು ಅಂತ ಹೇಳ್ತಾರೆ. ಹನ್ನೆರಡು ಯಾರ್‌ಗಳು, ಅಂದರೆ ಗೆಳೆಯರು, ಮಾಡಿದ್ದಕ್ಕೆ 'ಬಾರೋಯಾರಿ' ಪೂಜೆ ಅಂತ ಹೆಸರು ಬಂತು. ಕಲೆಕ್ಷನ್ ಮಾಡಿ ಹಬ್ಬ ಮಾಡೋದು ಅಲ್ಲಿಂದ ಶುರು ಅನ್ನಿ. ಚಂದಾ ಕೊಟ್ಟವನಿಗೆ ಹೊರಗೆ ನಿಲ್ಲುವ ಅಗತ್ಯ ಇರಲಿಲ್ಲ.

ಇದೇ ಹಾದಿಯಲ್ಲಿ ರಾಜಕೀಯವೂ ಬಂತು. 1902ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ಅನುಶೀಲನ್ ಸಮಿತಿ ಹೊರಗಿನಿಂದ ನೋಡಿದರೆ ಹುಡುಗರ ಗರಡಿಮನೆ. ಒಳಗೆ ಬ್ರಿಟಿಷರ ವಿರುದ್ಧ ತಯಾರಿ. 1905ರ ಅಕ್ಟೋಬರ್ 16ರಂದು ಕರ್ಜನ್ ಬಂಗಾಳವನ್ನು ಎರಡು ಮಾಡಿದಾಗ, ಹಿಂದೂಗಳೂ ಮುಸ್ಲಿಮರೂ ಪರಸ್ಪರ ರಾಖಿ ಕಟ್ಟಿ ಅಂತ ರವೀಂದ್ರನಾಥ ಟಾಗೋರ್ ಕರೆ ಕೊಟ್ಟು ತಾವೇ ಬೀದಿಗೆ ಇಳಿದರು. 1911ರಲ್ಲಿ ಸರ್ಕಾರ ಆ ವಿಭಜನೆಯನ್ನು ವಾಪಸ್ ತಗೊಂಡಿತು. 1926ರಲ್ಲಿ ಉತ್ತರ ಕೋಲ್ಕತ್ತದ ಸಿಮ್ಲಾ ವ್ಯಾಯಾಮ ಸಮಿತಿ ಎಲ್ಲರಿಗೂ ತೆರೆದ ಸಾರ್ವಜನಿಕ ಪೂಜೆ ಶುರು ಮಾಡಿತು. ಅದರ ಹೆಸರಲ್ಲೇ ವ್ಯಾಯಾಮ ಇದೆ ನೋಡಿ. ಗರಡಿ, ಪೂಜೆ, ರಾಜಕೀಯ ಮೂರೂ ಒಂದೇ ಸೂರಿನ ಕೆಳಗೆ.

ನಾನಿದ್ದ ಕಡೆಯ ಕಥೆ ಇನ್ನೂ ಬೇರೆ. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಜಾದವ್‌ಪುರ, ಟಾಲಿಗಂಜ್ ಸುತ್ತ ಖಾಲಿ ಜಾಗಗಳಲ್ಲಿ ರಾತ್ರೋರಾತ್ರಿ ಗುಡಿಸಲು ಹಾಕಿ ಕಾಲೊನಿಗಳನ್ನು ಕಟ್ಟಿಕೊಂಡರು. ಬಿಜಯಗಡ, ನೇತಾಜಿ ನಗರ ಎಲ್ಲಾ ಹಾಗೆ ಹುಟ್ಟಿದವು. ಯಾವ ಮನೆಗೆ ಎಷ್ಟು ಜಾಗ, ರಸ್ತೆ ಎಲ್ಲಿ, ಶಾಲೆ ಎಲ್ಲಿ ಅಂತ ತೀರ್ಮಾನ ಮಾಡಿದ್ದು ಕಾಲೊನಿ ಕಮಿಟಿಗಳು. ಕಾಕುವಿನ ಅಪ್ಪ ಬಾರಿಸಾಲ್‌ನಿಂದ ಒಂದು ಟ್ರಂಕು ಹಿಡಿದು ಬಂದವರು. "ಸರ್ಕಾರ ನಮ್ಮನ್ನ ಎಬ್ಬಿಸೋಕೆ ನೋಡ್ತಿತ್ತು. ನಮ್ಮನ್ನ ಉಳಿಸಿದ್ದು ಕಮಿಟಿ" ಅಂತ ಕಾಕು ಹೇಳುತ್ತಿದ್ದರು. ಆ ನಿರಾಶ್ರಿತರ ಜೊತೆ ನಿಂತವರು ಎಡಪಕ್ಷದವರು. ಕಾಲೊನಿಗಳು ಅವರನ್ನು ಬಹಳ ವರ್ಷ ಮರೆಯಲಿಲ್ಲ.

*

1977ರಿಂದ 2011ರವರೆಗೆ, ಒಟ್ಟು 34 ವರ್ಷ, ಪಶ್ಚಿಮ ಬಂಗಾಳವನ್ನು ಎಡರಂಗ ಆಳಿತು. ಪಾಡಾದಲ್ಲಿ ಅದರ ರೂಪ ಅಂದರೆ ಪಕ್ಷದ ಲೋಕಲ್ ಕಮಿಟಿ. ಬಾಡಿಗೆದಾರ ಮನೆ ಖಾಲಿ ಮಾಡದಿದ್ದರೆ, ಅಣ್ಣ ತಮ್ಮಂದಿರ ನಡುವೆ ಗೋಡೆ ಜಗಳ ಬಂದರೆ, ಗಂಡ ಹೊಡೆದರೆ, ಜನ ಮೊದಲು ಹೋಗುತ್ತಿದ್ದದ್ದು ಅಲ್ಲಿಗೆ. ಕೆಲವರಿಗೆ ಕೋರ್ಟಿಗಿಂತ ಬೇಗ ನ್ಯಾಯ ಸಿಕ್ಕಿತು. ಇನ್ನು ಕೆಲವರಿಗೆ ತಮ್ಮ ಮನೆಯ ಮಾತೆಲ್ಲ ಪಕ್ಷದ ಮೇಜಿನ ಮೇಲೆ ಹರಡಿದ ಹಾಗೆ ಆಯಿತು. ಜೀವನಪೂರ್ತಿ ಎಡಪಕ್ಷಕ್ಕೇ ವೋಟು ಹಾಕಿದ ಕಾಕುವೇ ಒಂದು ಸಲ ಹೇಳಿದ್ದರು: "ನಮ್ಮವರು ಸೋತದ್ದು ಯಾಕೆ ಗೊತ್ತಾ? ಮಗಳ ಮದುವೆಗೆ ಯಾರನ್ನ ಕರೀಬೇಕು ಅಂತಾನೂ ಇವರನ್ನೇ ಕೇಳೋ ಹಾಗೆ ಆಗೋಗಿತ್ತು."

2011ರಲ್ಲಿ ಮಮತಾ ಬ್ಯಾನರ್ಜಿ ಗೆದ್ದರು. ಲೋಕಲ್ ಕಮಿಟಿಯ ಬಾಗಿಲು ಮುಚ್ಚಿದ ಹಾಗೆ ಕ್ಲಬ್ಬುಗಳ ಬಾಗಿಲು ಇನ್ನಷ್ಟು ತೆರೆಯಿತು. 2018ರಲ್ಲಿ ಸರ್ಕಾರ ಸುಮಾರು 28 ಸಾವಿರ ಪೂಜಾ ಸಮಿತಿಗಳಿಗೆ ತಲಾ 10,000 ರೂಪಾಯಿ ಅನುದಾನ ಕೊಟ್ಟಿತು. 2019ಕ್ಕೆ ಅದು 25,000. 2020ರಲ್ಲಿ 50,000. ಆ ಕೊರೊನಾ ವರ್ಷ ವಿಷಯ ಹೈಕೋರ್ಟಿಗೆ ಹೋಗಿ, ಹಣದ ಮುಕ್ಕಾಲು ಪಾಲು ಮಾಸ್ಕು, ಸ್ಯಾನಿಟೈಸರ್‌ನಂಥದ್ದಕ್ಕೆ ಖರ್ಚಾಗಬೇಕು ಅಂತ ಕೋರ್ಟು ಹೇಳಿತು. 2022ರಲ್ಲಿ 60,000, 2023ರಲ್ಲಿ 70,000, 2024ರಲ್ಲಿ 85,000, 2025ರಲ್ಲಿ 1,10,000. ಏಳು ವರ್ಷದಲ್ಲಿ ಹನ್ನೊಂದು ಪಟ್ಟು. ನಮ್ಮ ಯಾರ ಸಂಬಳವೂ ಹೀಗೆ ಏರಿಲ್ಲ ಬಿಡಿ!

ಇದನ್ನು ಬರೀ ವೋಟಿನ ಹಣ ಅಂತ ತಳ್ಳಿಹಾಕೋದು ಸುಲಭ. ನಾನೂ ಮೊದಲು ಹಾಗೇ ಅಂದಿದ್ದೆ. ಆಗ ಕ್ಲಬ್ಬಿನ ಒಬ್ಬ ಹುಡುಗ ನನ್ನನ್ನು ಕೂರಿಸಿ ಲೆಕ್ಕ ಹೇಳಿದ. ದೊಡ್ಡ ಪೂಜೆಗಳಿಗೆ ಕಂಪನಿಗಳ ಜಾಹೀರಾತು ಬರುತ್ತೆ. ಒಳಬೀದಿಯ ಪೂಜೆಗೆ, ಹಳ್ಳಿಯ ಪೂಜೆಗೆ ಯಾರು ಬರ್ತಾರೆ? ಬಿದಿರು ಕಟ್ಟುವವರು, ಕುಮಾರಟುಲಿಯಲ್ಲಿ ಮೂರ್ತಿ ಮಾಡುವವರು, ಢಾಕಿಗಳು, ದೀಪದ ಕೆಲಸದವರು ಎಲ್ಲರ ವರ್ಷದ ಸಂಪಾದನೆ ಈ ಐದು ದಿನದ್ದು. ಬ್ರಿಟಿಷ್ ಕೌನ್ಸಿಲ್ 2019ರ ಪೂಜೆಯ ಬಗ್ಗೆ ಮಾಡಿಸಿದ ಅಧ್ಯಯನ, ಇದರ ಸುತ್ತಲಿನ ವಹಿವಾಟು 32,377 ಕೋಟಿ ರೂಪಾಯಿ ಅಂತ ಅಂದಾಜು ಮಾಡಿತ್ತು. 2021ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಕೋಲ್ಕತ್ತದ ದುರ್ಗಾ ಪೂಜೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥದ್ದಕ್ಕೆ ಸರ್ಕಾರ ಕೈ ಜೋಡಿಸಿದರೆ ತಪ್ಪೇನು ಅನ್ನೋದು ಅವನ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ಒಂದು ವಿಷಯ ಕಣ್ಣಿಗೆ ಬಿತ್ತು. ನಾನು ಅಲ್ಲಿದ್ದ ಮೂರೂವರೆ ವರ್ಷದಲ್ಲಿ ಮನೆ ಮನೆಗೆ ರಸೀದಿ ಪುಸ್ತಕ ಹಿಡಿದು ಬರೋದು ಕಮ್ಮಿಯಾಯಿತು. ನಾಲ್ಕನೇ ಬೀದಿಯನ್ನು ಬಿಟ್ಟರು, ಆಮೇಲೆ ಮೂರನೇದನ್ನು. ಮೀಟಿಂಗಿಗೆ ಬರುವವರೂ ಕಮ್ಮಿಯಾದರು. ಅಜ್ಜಿ ಬರೋದು ನಿಲ್ಲಿಸಿದರು. "ನನ್ನ ದುಡ್ಡು ಈಗ ಯಾರಿಗೆ ಬೇಕು?" ಅಂದರಂತೆ.

*

2022ರ ಅಕ್ಟೋಬರ್ ಮೊದಲ ವಾರ ಆಫೀಸಿನ ಕೆಲಸಕ್ಕೆ ಲಂಡನ್‌ನಲ್ಲಿದ್ದೆ. ಸಹೋದ್ಯೋಗಿಯೊಬ್ಬಳು ಉತ್ತರ ಲಂಡನ್ನಿನ ಒಂದು ಹಾಲ್‌ಗೆ ಪೂಜೆ ತೋರಿಸೋಕೆ ಕರೆದುಕೊಂಡು ಹೋದಳು. ದೇವಿ ಫೈಬರ್ ಗ್ಲಾಸಿನವಳು. ಕುಮಾರಟುಲಿಯಲ್ಲೇ ಹುಟ್ಟಿ ಹಡಗಿನಲ್ಲಿ ಬಂದವಳು. ಇವಳನ್ನು ನೀರಿಗೆ ಬಿಡೋದಿಲ್ಲ. ಹಬ್ಬ ಮುಗಿದ ಮೇಲೆ ಪೆಟ್ಟಿಗೆಯಲ್ಲಿಟ್ಟು ಕಮಿಟಿಯವರೊಬ್ಬರ ಗ್ಯಾರೇಜಿನಲ್ಲಿ ಮುಂದಿನ ವರ್ಷಕ್ಕೆ ಕಾಯಿಸ್ತಾರೆ. ಭೋಗದ ಖಿಚಡಿ ಬಡಿಸುತ್ತಿದ್ದವರು ಒಬ್ಬ ಡಾಕ್ಟರು. ಪಾತ್ರೆ ತೊಳೆಯುತ್ತಿದ್ದವರು ಬ್ಯಾಂಕಿನ ಮ್ಯಾನೇಜರು. ಗೋಡೆ ಮೇಲೆ ಖರ್ಚಿನ ಪಟ್ಟಿ ಅಂಟಿಸಿದ್ದರು, ಪೌಂಡಿನಲ್ಲಿ. ಒಬ್ಬರು ಅದರ ಮುಂದೆ ನಿಂತು, ಹಾಲ್ ಬಾಡಿಗೆ ಯಾಕೆ ಇಷ್ಟೊಂದು ಅಂತ ಖಜಾಂಚಿಯ ಜೊತೆ ವಾದಕ್ಕೆ ಬಿದ್ದಿದ್ದರು. ನನಗೆ ಪಾಡಾದ ಕೋಣೆಯೇ ನೆನಪಾಯಿತು.

ಮಾರನೇ ದಿನ ಅವಳೇ ಪೂರ್ವ ಲಂಡನ್ನಿಗೆ ಕರೆದೊಯ್ದಳು. "ಹಿಂದೂ ಬಂಗಾಳಿಗಳ ಲಂಡನ್ ನೋಡಿದೆ, ಸಿಲ್ಹೆಟ್‌ನವರ ಲಂಡನ್ ನೋಡದೆ ಹೋಗಬೇಡ" ಅಂದಳು. ವೈಟ್‌ಚಾಪೆಲ್ ಹತ್ತಿರ ಅಲ್ತಾಬ್ ಅಲಿ ಪಾರ್ಕ್ ಅಂತ ಒಂದು ಸಣ್ಣ ಉದ್ಯಾನ ಇದೆ. 1978ರ ಮೇ 4ರ ಸಂಜೆ, 25 ವರ್ಷದ ಬಾಂಗ್ಲಾದೇಶಿ ಜವಳಿ ಕಾರ್ಮಿಕ ಅಲ್ತಾಬ್ ಅಲಿ ಕೆಲಸ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದಾಗ ಜನಾಂಗದ್ವೇಷದಿಂದ ಅವನನ್ನು ಅಲ್ಲೇ ಪಕ್ಕದಲ್ಲಿ ಕೊಂದರು. ಹತ್ತು ದಿನದ ನಂತರ ಸುಮಾರು 7,000 ಜನ ಶವಪೆಟ್ಟಿಗೆಯ ಹಿಂದೆ ನಡೆದು ಪ್ರಧಾನಿ ನಿವಾಸದ ಬೀದಿಗೆ ಹೋದರು. ತಲೆ ತಗ್ಗಿಸಿ ಹೊಲಿಗೆ ಕೆಲಸ, ಹೋಟೆಲ್ ಕೆಲಸ ಮಾಡಿಕೊಂಡಿದ್ದ ಜನ ಅವರು. ಅಲ್ಲಿಂದ ಮುಂದೆ ಯುವಕ ಸಂಘಗಳು ಬೆಳೆದವು, ಅವರಲ್ಲಿ ಕೆಲವರು ಸ್ಥಳೀಯ ಕೌನ್ಸಿಲ್‌ಗೆ ಆರಿಸಿ ಬಂದರು. 2010ರಲ್ಲಿ ಇದೇ ಭಾಗದಿಂದ ರುಶನಾರಾ ಅಲಿ ಬ್ರಿಟನ್ ಸಂಸತ್ತಿಗೆ ಗೆದ್ದ ಮೊದಲ ಬಾಂಗ್ಲಾದೇಶ ಮೂಲದವರಾದರು.

ಆ ಪಾರ್ಕಿನಲ್ಲಿ ಢಾಕಾದ ಶಹೀದ್ ಮಿನಾರಿನ ಸಣ್ಣ ಪ್ರತಿರೂಪ ನಿಂತಿದೆ. 1952ರ ಫೆಬ್ರವರಿ 21ರಂದು ಬಂಗಾಳಿ ಭಾಷೆಗಾಗಿ ಗುಂಡೇಟು ತಿಂದವರ ನೆನಪಿಗೆ. ಅದೇ ದಿನವನ್ನು ನಾವೆಲ್ಲಾ ಈಗ ಅಂತರರಾಷ್ಟ್ರೀಯ ಮಾತೃಭಾಷಾ ದಿನ ಅಂತ ಆಚರಿಸ್ತೀವಿ, ಕನ್ನಡದಲ್ಲೂ ಸ್ಟೇಟಸ್ ಹಾಕ್ತೀವಿ. ಅದು ಶುರುವಾಗಿದ್ದು ಕೆನಡಾದ ವ್ಯಾಂಕೂವರ್‌ನಲ್ಲಿದ್ದ ಇಬ್ಬರು ಬಾಂಗ್ಲಾದೇಶಿಗಳಿಂದ. ಅವರಲ್ಲಿ ರಫೀಕುಲ್ ಇಸ್ಲಾಂ 1998ರಲ್ಲಿ ವಿಶ್ವಸಂಸ್ಥೆಗೆ ಪತ್ರ ಬರೆದರು. ಮರುವರ್ಷ ನವೆಂಬರ್ 17ರಂದು ಯುನೆಸ್ಕೊ ಒಪ್ಪಿತು.

*

2024ರ ಆಗಸ್ಟ್ 9. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ಸೆಮಿನಾರ್ ಕೋಣೆಯಲ್ಲಿ 31 ವರ್ಷದ ತರಬೇತಿ ವೈದ್ಯೆಯ ಶವ ಸಿಕ್ಕಿತು. ಅತ್ಯಾಚಾರ, ಕೊಲೆ. ನಾನಾಗ ಬೆಂಗಳೂರಿಗೆ ವಾಪಸ್ ಬಂದಾಗಿತ್ತು. ಆಗಸ್ಟ್ 14ರ ರಾತ್ರಿ ಫೋನ್ ಮಾಡಿದರೆ ಕಾಕು ಎತ್ತಲಿಲ್ಲ. ಬೆಳಗ್ಗೆ ಅವರೇ ಮಾಡಿದರು. "ಇಡೀ ರಾತ್ರಿ ನಿಮ್ಮ ಕಾಕಿಮಾ ಜೊತೆ ಜಾದವ್‌ಪುರ ಬಸ್ ನಿಲ್ದಾಣದಲ್ಲಿದ್ದೆ. ನಾನು ಹಿಂದೆ ನಿಂತಿದ್ದೆ ಅಷ್ಟೇ. ಮುಂದೆ ಇದ್ದದ್ದು ಹೆಂಗಸರು." ರಾತ್ರಿ ನಮ್ಮದು ಅಂತ ಹೆಂಗಸರು ಬೀದಿಗಿಳಿದ ರಾತ್ರಿ ಅದು. ಮೊದಲು ಕರೆ ಹೋಗಿದ್ದು ನಗರದ ಎರಡು ಮೂರು ಜಾಗಗಳಿಗೆ; ಸೇರಿದ್ದು ರಾಜ್ಯದ ಊರೂರಿನಲ್ಲಿ. ಆಗಸ್ಟ್ 18ರಂದು ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಪಂದ್ಯ ರದ್ದಾಯಿತು. ನೂರು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದ ಅಭಿಮಾನಿಗಳು ಅವತ್ತು ಒಂದೇ ಕಡೆ ನಿಂತು ನ್ಯಾಯ ಕೇಳಿದರು. ಸೆಪ್ಟೆಂಬರ್‌ನಲ್ಲಿ ಯೂರೋಪು, ಅಮೆರಿಕಾದ ಊರುಗಳಲ್ಲೂ ಬಂಗಾಳಿಗಳು ಮೇಣದಬತ್ತಿ ಹಿಡಿದು ನಿಂತರು.

ಅಷ್ಟರಲ್ಲಿ ಪೂಜೆ ಬಂತು. ಹಬ್ಬಕ್ಕೆ ಮರಳಿ ಅಂತ ಮುಖ್ಯಮಂತ್ರಿ ಜನರನ್ನು ಕೇಳಿಕೊಂಡರು. ಹೂಗ್ಲಿಯ ಉತ್ತರಪಾಡಾದ ಹಾಗೆ ಕೆಲವು ಕಡೆಯ ಸಮಿತಿಗಳು 85,000 ರೂಪಾಯಿ ನಮಗೆ ಬೇಡ ಅಂದವು. ನಲವತ್ತು ಸಾವಿರಕ್ಕೂ ಹೆಚ್ಚು ಸಮಿತಿಗಳ ಲೆಕ್ಕದಲ್ಲಿ ಅವು ಬೆರಳೆಣಿಕೆಯಷ್ಟು.

ನಮ್ಮ ಪಾಡಾದ ಕ್ಲಬ್ಬಿನಲ್ಲೂ ಮೀಟಿಂಗ್ ಆಯಿತು. ಕಾಕು ಫೋನನ್ನು ಕೇರಂ ಬೋರ್ಡಿನ ಮೇಲೆ ಇಟ್ಟು ನನಗೂ ಕೇಳಿಸಿದರು. ಕೋಣೆ ತುಂಬಿ ಜನ ಹೊರಗೆ ನಿಂತಿದ್ದರಂತೆ. ಒಬ್ಬರು, ಬೇಡ ಅಂದರೆ ನಾಳೆ ಪರವಾನಗಿಗೆ ಅಲೆಯಬೇಕಾಗುತ್ತೆ ಅಂದರು. ಇನ್ನೊಬ್ಬರು, ಢಾಕಿಗೆ ಏನು ಕೊಡ್ತೀರಿ ಅಂದರು. ಒಬ್ಬ ಹುಡುಗಿ, "ಆ ಅಕ್ಕನೂ ಯಾವುದೋ ಪಾಡಾದವಳೇ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೈ ಎತ್ತಿಸಿದರು. ಬೇಡ ಅಂದವರು ಆರು ಜನ ಹೆಚ್ಚಿದ್ದರು.

ಹಾಗಾಗಿ ರಸೀದಿ ಪುಸ್ತಕ ಮತ್ತೆ ಹೊರಗೆ ಬಂತು. ಬಿಟ್ಟಿದ್ದ ಮೂರನೇ ಬೀದಿ, ನಾಲ್ಕನೇ ಬೀದಿಗೂ ಹೋದರು. ಅಜ್ಜಿ ಮತ್ತೆ ನೂರೊಂದೇ ಕೊಟ್ಟರು. ನಾನು ಫೋನಿನಲ್ಲೇ ಒಂದಿಷ್ಟು ಕಳಿಸಿ, ರಸೀದಿ ಬೇಕು ಅಂದೆ. ಕಾಕು ಫೋಟೊ ಕಳಿಸಿದರು. ಆ ವರ್ಷ ಪೆಂಡಾಲ್ ಚಿಕ್ಕದು, ದೀಪ ಕಡಿಮೆ. ಢಾಕಿಗೆ ಮಾತ್ರ ಹಳೆಯ ಸಂಭಾವನೆ ಪೂರ್ತಿ ಕೊಟ್ಟರು. ಆ ಪೂಜೆಯ ದಿನಗಳಲ್ಲೇ ಕಿರಿಯ ವೈದ್ಯರು ಧರ್ಮತಲಾದಲ್ಲಿ ಉಪವಾಸ ಕೂತಿದ್ದರು. ಪಾಡಾದ ಹುಡುಗರು ಸರದಿ ಮೇಲೆ ಅಲ್ಲಿಗೆ ನೀರು ಹೊತ್ತರು.

ಕಥೆ ಇಲ್ಲಿಗೆ ಮುಗಿದರೆ ಚೆನ್ನಾಗಿರುತ್ತಿತ್ತು. 2025ರ ಜನವರಿಯಲ್ಲಿ ಒಬ್ಬ ಅಪರಾಧಿಗೆ ಜೀವಾವಧಿ ಶಿಕ್ಷೆಯಾಯಿತು. ಪೂರ್ತಿ ನ್ಯಾಯ ಸಿಕ್ಕಿಲ್ಲ ಅಂತ ಹೆತ್ತವರು ಹೇಳುತ್ತಲೇ ಬಂದರು. ಅದೇ ವರ್ಷ ಅನುದಾನ 1,10,000ಕ್ಕೆ ಏರಿತು. ನಮ್ಮ ಕ್ಲಬ್ ತಗೊಂಡಿತು. ಆ ಸಲವೂ ಕೈ ಎತ್ತಿಸಿಯೇ ತೀರ್ಮಾನ ಮಾಡಿದರು. ನನಗೆ ಬೇಜಾರಾಯಿತು, ಕಾಕುವಿಗೆ ಹೇಳಿಯೂಬಿಟ್ಟೆ. ಅವರು ನಕ್ಕರು.

"ಸೋತೆವು ಸರಿ. ಆದ್ರೆ ಮೀಟಿಂಗಿಗೆ ಎಂಬತ್ತು ಜನ ಬಂದಿದ್ರು ಗೊತ್ತಾ? ಹಣ ತಗೊಂಡ್ರೂ ಚಂದಾ ಎತ್ತೋದು ನಿಲ್ಲಿಸಬಾರದು ಅಂತ ಬರೆಸಿಕೊಂಡೆ. ಪುಸ್ತಕ ಮನೆ ಮನೆಗೆ ಹೋಗ್ತಾ ಇದ್ದರೆ ಸಾಕು, ಇನ್ನೊಂದು ವರ್ಷ ಬೇಡ ಅನ್ನೋಕೆ ಜನ ಇರ್ತಾರೆ."

ಇದನ್ನು ಬರೆಯೋಕೆ ಕಾರಣ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪು. ಹೋದ ಸಲ ಗಣೇಶನ ಹಬ್ಬಕ್ಕೆ ಒಬ್ಬರು ಪ್ರಾಯೋಜಕರು ಸಿಕ್ಕಿದ್ದಾರೆ, ಯಾರೂ ಏನೂ ಕೊಡಬೇಕಿಲ್ಲ, ಗೇಟಿಗೆ ಅವರ ಫ್ಲೆಕ್ಸ್ ಹಾಕಿದರೆ ಸಾಕು ಅಂತ ಮೆಸೇಜ್ ಬಂತು. ಹೆಬ್ಬೆರಳುಗಳ ಸುರಿಮಳೆ. ನಾನೂ ಒತ್ತೋಕೆ ಹೋಗಿ ತಡೆದೆ. ಅದರ ಜೊತೆಗೆ ಮನೆ ಮನೆ ಚಂದಾನೂ ಎತ್ತೋಣ, ಎಷ್ಟಾದರೂ ಸರಿ, ನಾನೇ ಬರ್ತೀನಿ ಅಂತ ಬರೆದೆ. ಸ್ಟೇಷನರಿ ಅಂಗಡಿಯಲ್ಲಿ ರಸೀದಿ ಪುಸ್ತಕ ಇನ್ನೂ ಸಿಗುತ್ತೆ.

ಮೊದಲ ರಸೀದಿ ಹರಿದದ್ದು ಎದುರು ಮನೆಗೆ. ಮೂರು ವರ್ಷದಿಂದ ಲಿಫ್ಟಿನಲ್ಲಿ ನಕ್ಕು ಸುಮ್ಮನಾಗುತ್ತಿದ್ದ ಆ ಆಂಟಿಯ ಹೆಸರು ನನಗೆ ಗೊತ್ತಾಗಿದ್ದು ಆ ರಸೀದಿ ಬರೆಯುವಾಗ.